ಆರೋಗ್ಯರಕ್ಷಣೆಯೂ ಒಂದು ದಾಸೋಹ

ಅನ್ನ, ಅರಿವು, ಆರೋಗ್ಯ ಈ ಮೂರೂ ಮನುಷ್ಯನ ಬಾಳಿಗೆ ಆಧಾರಸ್ತಂಭಗಳು. ಅನ್ನದಾಸೋಹ ಹಾಗೂ ಜ್ಞಾನದಾಸೋಹಗಳನ್ನು ನಮ್ಮ ಮಠಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಮೂರನೆಯದಾದ ಆರೋಗ್ಯದ ಹೊಣೆಯನ್ನು ಹೊರುವವರು ಯಾರು? ಆಧುನಿಕ ಶಸ್ತ್ರಚಿಕಿತ್ಸೆಯ ವೆಚ್ಚವು ಒಂದು ಮನೆಯ ಶಕ್ತಿಗೂ ಒಂದು ಮಠದ ಶಕ್ತಿಗೂ ಮೀರಿದ್ದು. ಆದುದರಿಂದ ಸಮಸ್ತ ಸಮಾಜದ ಪರವಾಗಿ ಸರ್ಕಾರವೇ ಅದನ್ನು ವಿಮೆಯ ರೂಪದಲ್ಲಿ ಹೊರಬೇಕೆಂಬುದು ಈ ಲೇಖನದ ಅಭಿಪ್ರಾಯ.

ಕಿರವತ್ತಿಯ ಪರಿಸರವನ್ನೇ ನೋಡಿರಿ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಈ ಊರಿನ ಸುತ್ತಮುತ್ತ ಗೌಳಿಗರು, ಸಿದ್ದಿಗಳು, ಸಣ್ಣ ಹಿಡುವಳಿದಾರರು, ಕೂಲಿಕಾರರು ಬಾಳುತ್ತಿದ್ದಾರೆ. ಹೃದಯದ ಬೇನೆಯೋ ಅರ್ಬುದ ರೋಗವೋ ಬಂದಿತೆಂದರೆ, ಅರಬೈಲು ಘಟ್ಟವಿಳಿದು ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗುವುದಕ್ಕಿಂತ ಹುಬ್ಬಳ್ಳಿಯೇ ಅವರಿಗೆ ಹತ್ತಿರ. ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡುವ ಅನೇಕರಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದವನಿಗೆ ಬ್ಯಾಂಕಿನ ಅಡವು ಸಾಲ ದೊರೆಯದು. ಉಳಿಯುವುದು ಕೈಗಡ, ಬಡ್ಡಿಸಾಲ, ಇಲ್ಲವೇ ಕೊಟ್ಟಿಗೆಯ ಎಮ್ಮೆಯ ಮಾರಾಟ. ಎಮ್ಮೆ ಮಾರಿದ ಗೌಳಿಗನು ತನ್ನ ನಾಳಿನ ದುಡಿಮೆಯನ್ನೇ ಮಾರಿದಂತೆ. ರೋಗಿ ಗುಣವಾಗಿ ಬಂದರೂ ಮನೆ ಗುಣವಾಗುವುದಿಲ್ಲ.

ವಿಮೆಯ ತತ್ತ್ವ ಸರಳವಾದುದು: ಒಬ್ಬನಿಗೆ ಬಂದ ಭಾರವನ್ನು ಸಾವಿರಾರು ಜನರು ಹಂಚಿಕೊಳ್ಳುವುದು. ಜರ್ಮನಿಯು 1883ರಲ್ಲಿಯೇ ಕಾರ್ಮಿಕರಿಗೆ ಇದನ್ನು ಕಾನೂನಿನ ಮೂಲಕ ಕಲ್ಪಿಸಿತು. ನಮ್ಮ ದೇಶದಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಕಾರ್ಖಾನೆಯ ದುಡಿಮೆಗಾರರಿಗೆ ಆಸರೆಯಾಯಿತು. ರೈತನೂ ಕೂಲಿಯೂ ಹೊರಗುಳಿದರು. ಆ ಕೊರತೆಯನ್ನು ತುಂಬಲು 2003ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು, ಸಹಕಾರಿ ಸಂಘಗಳ ಸದಸ್ಯರಿಗೆ ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿಗಳ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಭರವಸೆಯಿತ್ತಿತು. ಅದು 2018ರಲ್ಲಿ ನಿಂತು, 2022-23ರಲ್ಲಿ ಮರುಜೀವ ಪಡೆಯಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಒದಗಿಸುತ್ತದೆ.

ಇದನ್ನು ಖಾಸಗಿ ಕಂಪನಿಗಳಿಗೆ ಬಿಡಬಾರದೇಕೆ? ಲಾಭವೇ ಗುರಿಯಾದಲ್ಲಿ ವಯಸ್ಸಾದಂತೆ ವಂತಿಗೆ ಏರುತ್ತದೆ; ಮೊದಲೇ ರೋಗವಿದ್ದವನು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ರಕ್ಷಣೆ ಯಾರಿಗೆ ಅತ್ಯಗತ್ಯವೋ ಅವರೇ ಬಾಗಿಲಲ್ಲಿ ನಿಲ್ಲುತ್ತಾರೆ. ಸರ್ಕಾರದ ವಿಮೆಗೆ ತೆರಿಗೆಯೇ ಮೂಲಧನ. ಉಳ್ಳವನು ಹೆಚ್ಚು ಕೊಡುತ್ತಾನೆ, ರೋಗಿಯು ಬೇಕಾದಷ್ಟು ಪಡೆಯುತ್ತಾನೆ.

ಸರ್ಕಾರದ ಹಣ ಖಾಸಗಿ ಆಸ್ಪತ್ರೆಗಳ ಪಾಲಾಗುತ್ತದೆ ಎಂಬ ಆಕ್ಷೇಪವುಂಟು. ಅದು ನಿರಾಧಾರವಲ್ಲ. ಅದಕ್ಕಾಗಿಯೇ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಬಂದು, ಅಲ್ಲಿಲ್ಲದ ಚಿಕಿತ್ಸೆಗೆ ಮಾತ್ರ ಶಿಫಾರಸು ಪಡೆಯಬೇಕೆಂಬ ನಿಯಮವಿದೆ. ತುರ್ತು ಸಂದರ್ಭಗಳಿಗೆ ವಿನಾಯಿತಿಯೂ ಇದೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿಲ್ಲದಿದ್ದರೆ ಶಿಫಾರಸು ಪತ್ರವೊಂದೇ ಅಲ್ಲಿನ ಚಿಕಿತ್ಸೆಯಾದೀತು! ವಿಮೆಯು ಆಸ್ಪತ್ರೆಗೆ ಬದಲಿಯಾಗಲಾರದು. ಉತ್ತರ ಕನ್ನಡಕ್ಕೆ ಸುಸಜ್ಜಿತ ಬಹುತಜ್ಞ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರೆತ್ತಿದ ಕೂಗನ್ನು ಇದರೊಡನೆಯೇ ಕೇಳಿಸಿಕೊಳ್ಳಬೇಕು. ಮಧುಮೇಹ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಕೊಳ್ಳುವ ಔಷಧಿಯ ವೆಚ್ಚವು ಆಸ್ಪತ್ರೆಗೆ ದಾಖಲಾದವರಿಗೆಂದೇ ರೂಪಿಸಿದ ವಿಮೆಗೆ ಒಳಪಡದು. ಆ ಔಷಧಿಯು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ದೊರೆಯುವಂತಾಗಬೇಕು.

ದಾಸೋಹದಲ್ಲಿ ನೀಡುವವನಿಗೆ ಹಮ್ಮಿಲ್ಲ, ಪಡೆಯುವವನಿಗೆ ಸಂಕೋಚವಿಲ್ಲ. ಸರ್ಕಾರದ ಆರೋಗ್ಯ ವಿಮೆಯೂ ಹಾಗೆಯೇ ನಡೆಯಬೇಕು. ಚೀಟಿ ಹಿಡಿದು ಬಂದ ಬಡವನು ಹಕ್ಕುದಾರನೇ ಹೊರತು ಯಾಚಕನಲ್ಲ. ಈ ಶಾಲೆಯ ವಿದ್ಯಾರ್ಥಿಗಳು ಓದು ಬಾರದ ನೆರೆಹೊರೆಯವರಿಗೆ ಆ ಚೀಟಿಯನ್ನು ಮಾಡಿಸಿಕೊಡಲು, ನಿಯಮಗಳನ್ನು ಓದಿ ಹೇಳಲು ಮುಂದಾದರೆ, ಇಲ್ಲಿ ಪಡೆದ ಅರಿವು ಸಾರ್ಥಕವಾದೀತು.