ಮಣಿಕಟ್ಟಿನ ಮೇಲಿನ ವ್ಯಾಜ್ಯ

ಬೆರಳ ತುದಿಗೆ ಬಟ್ಟೆಯ ಕ್ಲಿಪ್ಪಿನಂತಹ ಒಂದು ಪುಟ್ಟ ಸಲಕರಣೆಯನ್ನು ಸಿಕ್ಕಿಸಿಕೊಂಡು, ಅದರಲ್ಲಿ ಮೂಡುವ ಅಂಕಿಯನ್ನೇ ಎವೆಯಿಕ್ಕದೆ ನೋಡುತ್ತ ಕುಳಿತ ದಿನಗಳು ಕನ್ನಡ ನಾಡಿನ ಬಹುಮಂದಿಗೆ ಇನ್ನೂ ಮರೆತಿಲ್ಲ. 2021ರ ಬೇಸಗೆಯಲ್ಲಿ ಕೋವಿಡ್ ಮಾರಿ ಎರಡನೆಯ ಸಲ ಊರೂರಿಗೂ ನುಗ್ಗಿದಾಗ, ಆಶಾ ಕಾರ್ಯಕರ್ತೆಯರು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ನಡೆದರು. ಅಂಕಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯ ದಾರಿ. ಮೇಲಿದ್ದರೆ ಆ ರಾತ್ರಿಯ ಮಟ್ಟಿಗೆ ನಿದ್ರೆ. ಪಲ್ಸ್ ಆಕ್ಸಿಮೀಟರ್ ಎಂಬ ಹೆಸರನ್ನು ಮನೆಯ ಅಜ್ಜಿಯರೂ ತಪ್ಪಿಲ್ಲದೆ ಹೇಳಲು ಕಲಿತುದು ಆಗಲೇ.

ಆ ಅಂಕಿ ಯಾರದು ಎಂದು ಆಗ ಯಾರೂ ಕೇಳಲಿಲ್ಲ. ರಕ್ತ ರೋಗಿಯದು, ಉಸಿರು ರೋಗಿಯದು. ಅಂಕಿಯೂ ಅವನದೇ ಎಂದು ತಿಳಿಯುವುದು ಸಹಜ. ಆದರೆ ರಕ್ತದಿಂದ ಆ ಅಂಕಿಯನ್ನು ಹೊರತೆಗೆಯುವ ಬಗೆ ಯಾರದು, ಆ ಲೆಕ್ಕ ಮಣಿಕಟ್ಟಿನಲ್ಲಿ ನಡೆಯಬೇಕೋ ಜೇಬಿನಲ್ಲಿ ನಡೆಯಬೇಕೋ ಎಂಬ ಪ್ರಶ್ನೆಯನ್ನು ಹಿಡಿದು ಅಮೆರಿಕದ ಎರಡು ಸಂಸ್ಥೆಗಳು ವರ್ಷಗಟ್ಟಲೆ ನ್ಯಾಯಸ್ಥಾನದ ಮೆಟ್ಟಿಲು ಹತ್ತಿ ಇಳಿದುವು. ಒಂದು, ಆಸ್ಪತ್ರೆಗಳಿಗೆ ಆಕ್ಸಿಮೀಟರ್ ಮಾಡಿಕೊಡುವ ಮ್ಯಾಸಿಮೊ. ಇನ್ನೊಂದು, ಜಗತ್ತೆಲ್ಲ ಬಲ್ಲ ಆ್ಯಪಲ್.

ಈ ಸಲಕರಣೆಯ ಹುಟ್ಟು ಇವೆರಡು ಸಂಸ್ಥೆಗಳಲ್ಲಿಯೂ ಅಲ್ಲ, ಜಪಾನಿನಲ್ಲಿ. ನಿಹೋನ್ ಕೋಡೆನ್ ಎಂಬ ಸಂಸ್ಥೆಯ ಎಂಜಿನಿಯರ್ ತಾಕುವೊ ಅವೊಯಾಗಿಯವರು 1970ರ ದಶಕದ ಮೊದಲ ಭಾಗದಲ್ಲಿ ಬೇರೊಂದೇ ಕೆಲಸದಲ್ಲಿ ತೊಡಗಿದ್ದರು. ಹೃದಯವು ಹೊರದೂಡುವ ರಕ್ತ ಎಷ್ಟೆಂದು ಅಳೆಯಲು ರಕ್ತಕ್ಕೆ ಬಣ್ಣ ಬೆರೆಸಿ, ಕಿವಿಯ ಮೂಲಕ ಬೆಳಕು ಹಾಯಿಸಿ ಪರೀಕ್ಷಿಸುತ್ತಿದ್ದರು. ನಾಡಿಯ ಮಿಡಿತ ಮಾತ್ರ ಅವರ ಗೆರೆಯನ್ನು ಮತ್ತೆ ಮತ್ತೆ ಅಲುಗಿಸಿ ಲೆಕ್ಕವನ್ನು ಕೆಡಿಸುತ್ತಿತ್ತು. ಎರಡು ಬಗೆಯ ಬೆಳಕನ್ನು ತಾಳೆಹಾಕಿ ಆ ಅಲುಗಾಟವನ್ನು ಅಳಿಸಿಹಾಕಲು ಹೊರಟರೆ, ರಕ್ತದಲ್ಲಿ ಆಮ್ಲಜನಕ ಕಡಮೆಯಾದೊಡನೆ ಅಳಿಸಿದ್ದು ಮತ್ತೆ ತಲೆಯೆತ್ತುತ್ತಿತ್ತು. ಕಾಟವೆಂದು ಯಾವುದನ್ನು ದೂರಿದ್ದರೋ ಅದರಲ್ಲಿಯೇ ಹೊಸ ಅಳತೆ ಅಡಗಿತ್ತು! ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಹಾಯಗೊಟ್ಟು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತದ ನಡತೆ ಇದಕ್ಕೆ ತಿರುಗುಮುರುಗು. ಎರಡು ಬೆಳಕಿನಲ್ಲಿಯೂ ಮಿಡಿಯುವ ಭಾಗವನ್ನಷ್ಟೇ ಹಿಡಿದು ಹೋಲಿಸಿದರೆ ಚರ್ಮ, ಮೂಳೆ, ಮಾಂಸಗಳ ಗೊಡವೆಯಿಲ್ಲದೆ ಅಪಧಮನಿಯ ರಕ್ತದ ಸ್ಥಿತಿ ತಿಳಿಯುತ್ತದೆ. ಸೂಜಿ ಬೇಡ, ನೋವಿಲ್ಲ.

1974ರಲ್ಲಿ ಜಪಾನಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಆದರೆ ಆ ಯಂತ್ರವನ್ನು ಬೆಳೆಸಿ ಶಸ್ತ್ರಚಿಕಿತ್ಸೆಯ ಕೋಣೆಗಳಿಗೆಲ್ಲ ಮುಟ್ಟಿಸಿದವರು ಮುಂದಿನ ದಶಕದ ಅಮೆರಿಕನ್ ವ್ಯಾಪಾರಿಗಳು. ಅವೊಯಾಗಿಯವರು ತೀರಿಕೊಂಡುದು 2020ರ ಏಪ್ರಿಲಿನಲ್ಲಿ, ಜಗತ್ತೆಲ್ಲ ಆಕ್ಸಿಮೀಟರಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ ತಿಂಗಳಲ್ಲಿ.

ಅವರ ಯಂತ್ರಕ್ಕೆ ಒಂದು ದೌರ್ಬಲ್ಯವಿತ್ತು. ರೋಗಿ ಅಲುಗಿದರೆ ಅದು ದಾರಿ ತಪ್ಪುತ್ತಿತ್ತು. ಅರವಳಿಕೆಯಲ್ಲಿ ಮಲಗಿದವನು ಅಲುಗುವುದಿಲ್ಲ. ದಿನ ತುಂಬದೆ ಹುಟ್ಟಿದ ಶಿಶು ಸುಮ್ಮನಿರುವುದಿಲ್ಲ. ಕಾಲು ಝಾಡಿಸಿದಾಗಲೆಲ್ಲ ಯಂತ್ರ ಕೂಗಿಕೊಳ್ಳುವುದು, ದಾದಿ ಓಡಿಬರುವುದು, ಏನೂ ಆಗಿಲ್ಲವೆಂದು ಮರಳುವುದು. ಹತ್ತು ಸಲ ಸುಳ್ಳು ಕೂಗಿದ ಯಂತ್ರದ ಹನ್ನೊಂದನೆಯ ಕೂಗಿಗೆ ಓಡುವವರು ಯಾರು? ಅಂತಹ ಶಿಶುವಿಗೆ ಆಮ್ಲಜನಕ ಕಡಮೆಯಾದರೆ ಪ್ರಾಣಕ್ಕೆ ಸಂಚಕಾರ, ಅಳತೆ ಮೀರಿದರೆ ಕಣ್ಣಿಗೆ. ಇರಾನಿನಿಂದ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಜೋ ಕಿಯಾನಿ ಎಂಬ ತರುಣ ಎಂಜಿನಿಯರ್ ಮನೆಯ ಮೇಲೆ 40,000 ಡಾಲರ್ ಸಾಲವೆತ್ತಿ 1989ರಲ್ಲಿ ಮ್ಯಾಸಿಮೊ ಸಂಸ್ಥೆಯನ್ನು ಕಟ್ಟಿದುದು ಈ ತೊಡಕನ್ನು ಬಿಡಿಸಲೆಂದೇ. ಅಲುಗಾಟದ ಗದ್ದಲದೊಳಗಿಂದ ನಾಡಿಯ ದನಿಯನ್ನು ಸೋಸಿ ತೆಗೆಯುವ ಲೆಕ್ಕವನ್ನು ಆತನೂ ಸಂಗಡಿಗರೂ ಸಾಧಿಸಿದರು. ಆ ಕಾಲದ ದೊಡ್ಡ ಆಕ್ಸಿಮೀಟರ್ ಸಂಸ್ಥೆಯಾದ ನೆಲ್ಕೋರ್ ತನ್ನ ಪೇಟೆಂಟನ್ನು ಮೀರಿತೆಂದು ಹೂಡಿದ ದಾವೆ ವರ್ಷಾನುಗಟ್ಟಲೆ ನಡೆದು, 2006ರಲ್ಲಿ ಮ್ಯಾಸಿಮೊಗೆ 33 ಕೋಟಿ ಡಾಲರ್ ಕೊಟ್ಟು ಎದುರಾಳಿ ರಾಜಿ ಮಾಡಿಕೊಳ್ಳುವಲ್ಲಿಗೆ ಮುಗಿಯಿತು. ಆದಕಾರಣ ಮ್ಯಾಸಿಮೊ ಕೋರ್ಟಿಗೆ ಹೊಸದಾಗಿ ಬಂದ ಸಂಸ್ಥೆಯೇನೂ ಅಲ್ಲ.

2013ರಲ್ಲಿ ಆ್ಯಪಲ್ ಮತ್ತು ಮ್ಯಾಸಿಮೊ ಒಟ್ಟಿಗೆ ಕೆಲಸ ಮಾಡಬಹುದೇ ಎಂಬ ಮಾತುಕತೆ ನಡೆಯಿತು, ಕೂಡಿಬರಲಿಲ್ಲ. ಕೂಡಿಬಂದುದು ಬೇರೆ. ಅದೇ ವರ್ಷ ಮ್ಯಾಸಿಮೊದ ಮುಖ್ಯ ವೈದ್ಯಾಧಿಕಾರಿ ಆ್ಯಪಲ್‌ಗೆ ಹೋದರು. ಮರುವರ್ಷ ಸೋದರ ಸಂಸ್ಥೆಯ ಮುಖ್ಯ ತಂತ್ರಜ್ಞರೂ ಅದೇ ದಾರಿ ಹಿಡಿದರು. ತನ್ನ ಮನೆಯ ಗುಟ್ಟುಗಳನ್ನು ಇವರ ಸಂಗಡ ಸಾಗಿಸಲಾಯಿತೆಂದು ಮ್ಯಾಸಿಮೊ ದೂರಿತು. ತಾನು ಮಾಡಿದುದೆಲ್ಲ ತನ್ನ ಸ್ವಂತ ಶ್ರಮದಿಂದಲೇ ಎಂದು ಆ್ಯಪಲ್ ಉತ್ತರಿಸಿತು. 2020ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ಮೊದಲ ದಾವೆ ದಾಖಲಾಯಿತು. ಗುಟ್ಟಿನ ಪ್ರಶ್ನೆಯನ್ನು 2023ರಲ್ಲಿ ವಿಚಾರಿಸಿದ ಏಳು ಮಂದಿಯ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರು ಮಂದಿ ಆ್ಯಪಲ್ ಕಡೆ, ಒಬ್ಬರು ಮ್ಯಾಸಿಮೊ ಕಡೆ. ಆ ಒಬ್ಬರ ಪಟ್ಟಿನಿಂದ ವಿಚಾರಣೆಯೇ ಮುರಿದುಬಿತ್ತು.

ಇಷ್ಟರಲ್ಲಿ, 2020ರ ಸೆಪ್ಟೆಂಬರಿನಲ್ಲಿ, ರಕ್ತದ ಆಮ್ಲಜನಕವನ್ನು ಅಳೆಯುವ ಆ್ಯಪಲ್ ಗಡಿಯಾರ ಮಾರುಕಟ್ಟೆಗೆ ಬಂದಿತ್ತು. ಬೆರಳಿನಲ್ಲಿ ಬೆಳಕು ಒಂದು ಮಗ್ಗುಲಿಂದ ಹೊಕ್ಕು ಇನ್ನೊಂದು ಮಗ್ಗುಲಿಗೆ ಬರುತ್ತದೆ; ಮಣಿಕಟ್ಟಿನಲ್ಲಿ ಹಾಗಾಗದು. ಬೆಳಕು ಹೋದ ಕಡೆಯಿಂದಲೇ ಮರಳಿ ಬರಬೇಕು. ದೀಪವೂ ಕಣ್ಣೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ, ಚರ್ಮವನ್ನು ಹೊಗದ ಬೆಳಕು ನೇರವಾಗಿ ಕಣ್ಣಿಗೆ ಬಿದ್ದು ಅಳತೆಯನ್ನು ಕೆಡಿಸದಂತೆ ನಡುವೆ ಗೋಡೆ ಬೇಕು, ಚರ್ಮವನ್ನು ಮೆಲ್ಲನೆ ಒತ್ತುವ ಉಬ್ಬು ಬೇಕು. ಈ ಗೋಡೆ, ಉಬ್ಬುಗಳನ್ನು 2008ರಷ್ಟು ಹಿಂದೆಯೇ ತಾನು ಬರೆದಿಟ್ಟಿದ್ದೆನೆಂದು ಮ್ಯಾಸಿಮೊ ಹೇಳಿತು. ಬರೆದಿಟ್ಟುದು ನಿಜ. ಆದರೆ ಆ ಹಳೆಯ ಬರಹವನ್ನು ಆಧರಿಸಿ, ವ್ಯಾಜ್ಯದಲ್ಲಿ ಗೆದ್ದ ಪೇಟೆಂಟುಗಳ ಹಕ್ಕಿನ ವಾಕ್ಯಗಳನ್ನು ಅದು ಸಲ್ಲಿಸಿದುದು 2020ರಲ್ಲಿ, ಗಡಿಯಾರ ಅಂಗಡಿಗೆ ಬಂದ ಹೊತ್ತಿನಲ್ಲಿ. ಅಮೆರಿಕದ ಕಾನೂನು ಇದಕ್ಕೆ ಎಡೆಕೊಡುತ್ತದೆ; ಆ್ಯಪಲ್ ಎತ್ತಿದ ಆಕ್ಷೇಪ ನಿಲ್ಲಲಿಲ್ಲ. ಆದರೂ ಎದುರಾಳಿಯ ಮನೆ ಎದ್ದುನಿಂತ ಮೇಲೆ ತನ್ನ ಹೊಲದ ಎಲ್ಲೆಯನ್ನು ಅಳೆಸಿದಂತೆ ಅದು ತೋರುವುದುಂಟು. ಹೊಲ ತನ್ನದೇ ಆಗಿದ್ದರೂ ಅಳೆಸಿದ ಗಳಿಗೆ ನೋಡುವವರ ಕಣ್ಣಿಗೆ ಬೀಳುತ್ತದೆ.

2021ರ ಜೂನಿನಲ್ಲಿ ಮ್ಯಾಸಿಮೊ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ವಾಣಿಜ್ಯ ಆಯೋಗದ ಬಾಗಿಲು ತಟ್ಟಿತು. ಈ ಆಯೋಗ ನಷ್ಟಪರಿಹಾರವಾಗಿ ಒಂದು ಕಾಸನ್ನೂ ಕೊಡಿಸಲಾರದು. ಅದರ ಕೈಯಲ್ಲಿರುವುದು ಬಂದರಿನ ಬಾಗಿಲು. ಪೇಟೆಂಟನ್ನು ಮೀರಿದ ಸರಕು ದೇಶದೊಳಕ್ಕೆ ಬರದಂತೆ ಅದು ತಡೆಯಬಲ್ಲುದು. ಗಡಿಯಾರಗಳು ತಯಾರಾಗುವುದು ಹೊರದೇಶದಲ್ಲಿಯಾದುದರಿಂದ ಅಸ್ತ್ರ ನೇರವಾಗಿ ನಾಟಿತು. 2023ರ ಅಕ್ಟೋಬರ್ 26ರಂದು ಆಯೋಗ ಆಮದು ನಿಷೇಧಿಸಿ ಆಜ್ಞೆ ಹೊರಡಿಸಿತು. ಅಧ್ಯಕ್ಷರ ಆಡಳಿತ ಅದನ್ನು ತಳ್ಳಿಹಾಕಲು 60 ದಿನಗಳ ಅವಕಾಶವಿತ್ತು, ತಳ್ಳಿಹಾಕಲಿಲ್ಲ. ಕ್ರಿಸ್‌ಮಸ್ ವ್ಯಾಪಾರದ ಭರದಲ್ಲಿ ಆ್ಯಪಲ್ ತನ್ನ ಹೊಸ ಗಡಿಯಾರಗಳನ್ನು ಅಮೆರಿಕದ ತನ್ನ ಮಳಿಗೆಗಳಿಂದ ಹಿಂದಕ್ಕೆ ತೆಗೆಯಬೇಕಾಯಿತು. ಮೇಲ್ಮನವಿಯ ನ್ಯಾಯಾಲಯ ಕೆಲವು ದಿನಗಳ ತಡೆಯಾಜ್ಞೆ ಕೊಟ್ಟಿತು; 2024ರ ಜನವರಿ 17ರಂದು ಅದೂ ತೆರವಾಯಿತು. ಮಾರನೆಯ ದಿನದಿಂದ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಗಡಿಯಾರಗಳಲ್ಲಿ ದೀಪವಿತ್ತು, ಕಣ್ಣಿತ್ತು, ಅಂಕಿ ಮಾತ್ರ ಇರಲಿಲ್ಲ.

ಅದಕ್ಕೂ ಮೊದಲು ಮಾರಿದ ಗಡಿಯಾರಗಳಿಗೆ ಈ ಆಜ್ಞೆ ತಾಗಲಿಲ್ಲ; ಹೊರದೇಶಗಳಲ್ಲಿ ಮಾರಿದವಕ್ಕೂ ಇಲ್ಲ. ಅಮೆರಿಕದಲ್ಲಿರುವ ಮಗನಿಂದ ಒಳ್ಳೆಯ ವಸ್ತುವನ್ನು ತರಿಸಿಕೊಳ್ಳುವುದು ಕನ್ನಡ ಮನೆಗಳ ಹಳೆಯ ರೂಢಿ. ಆ ದಿನಗಳಲ್ಲಿ ಕ್ಯಾಲಿಫೋರ್ನಿಯದಿಂದ ತಂದ ಹೊಸ ಗಡಿಯಾರಕ್ಕಿಂತ ಬೆಂಗಳೂರಿನ ಅಂಗಡಿಯಲ್ಲಿ ಕೊಂಡುದೇ ಒಂದು ವಿದ್ಯೆ ಹೆಚ್ಚು ಬಲ್ಲದಾಗಿತ್ತು!

ವ್ಯಾಜ್ಯದ ನಿಜವಾದ ಸ್ವಾರಸ್ಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪೇಟೆಂಟಿನ ಹಕ್ಕಿನ ವಾಕ್ಯವೆಂದರೆ ಜಮೀನಿನ ಪತ್ರದಲ್ಲಿ ಬರೆಯುವ ಚಕ್ಕುಬಂದಿಯಿದ್ದಂತೆ. ಅದರಲ್ಲಿ ಹೇಳಿದ ಪ್ರತಿಯೊಂದು ಅಂಗವೂ ಎದುರಾಳಿಯ ವಸ್ತುವಿನಲ್ಲಿ ಇರಬೇಕು. ಒಂದು ತಪ್ಪಿದರೂ ಒತ್ತುವರಿಯ ದೂರು ನಿಲ್ಲುವುದು ಕಷ್ಟ. ಮ್ಯಾಸಿಮೊ ಬರೆದ ಚಕ್ಕುಬಂದಿ ಹೀಗಿತ್ತು: ಮೈಮೇಲೆ ಧರಿಸುವ ಸಾಧನ, ಅದರಲ್ಲಿ ದೀಪಗಳು, ಬೆಳಕನ್ನು ಹಿಡಿಯುವ ನಾಲ್ಕು ಕಣ್ಣುಗಳು, ಉಬ್ಬು, ಗೋಡೆ, ಆಮ್ಲಜನಕದ ಪ್ರಮಾಣವನ್ನು ಲೆಕ್ಕಹಾಕುವ ಸಂಸ್ಕಾರಕ, ಒಂದು ವಾಕ್ಯದಲ್ಲಿ, ಹಾಗೆ ಬಂದ ಅಂಕಿಯನ್ನು ನಿಸ್ತಂತುವಾಗಿ ಮೊಬೈಲ್ ಫೋನಿಗೆ ಕಳುಹಿಸುವ ಏರ್ಪಾಡು ಕೂಡ. ಲೆಕ್ಕ ಮಣಿಕಟ್ಟಿನಲ್ಲಿ, ರವಾನೆ ಆಮೇಲೆ. ಬರೆದವರ ಮನಸ್ಸಿನಲ್ಲಿದ್ದ ಕ್ರಮ ಅದು.

ಚಾಪೆಯ ಕೆಳಗೆ ನುಸುಳುವವನಿದ್ದರೆ ರಂಗೋಲಿಯ ಕೆಳಗೆ ನುಸುಳುವವನೂ ಇರುತ್ತಾನೆ. 2025ರ ಆಗಸ್ಟ್ 14ರಂದು ಆ್ಯಪಲ್ ಅಮೆರಿಕದ ಗಡಿಯಾರಗಳಿಗೆ ಆಮ್ಲಜನಕದ ಅಳತೆಯನ್ನು ಮರಳಿ ಕೊಟ್ಟಿತು, ಕ್ರಮವನ್ನು ತಿರುವುಮುರುವು ಮಾಡಿ. ಗಡಿಯಾರ ಬೆಳಕನ್ನು ಹಿಡಿಯುತ್ತದೆ, ಲೆಕ್ಕಹಾಕುವುದಿಲ್ಲ. ಹಿಡಿದುದನ್ನು ಹಾಗೆಯೇ, ಹಸಿಹಸಿಯಾಗಿ, ನಿಸ್ತಂತು ಮಾರ್ಗದಲ್ಲಿ ಜೇಬಿನ ಫೋನಿಗೆ ದಾಟಿಸುತ್ತದೆ. ಲೆಕ್ಕ ಅಲ್ಲಿ, ಉತ್ತರವೂ ಅಲ್ಲಿಯೇ. ಫೋನು ಮೈಮೇಲೆ ಧರಿಸುವ ಸಾಧನವಲ್ಲವಷ್ಟೆ! ಮಣಿಕಟ್ಟಿನಿಂದ ಜೇಬಿಗೆ ಇರುವ ಅಂತರ ಎರಡು ಗೇಣು ಇದ್ದೀತು. ಆ ಎರಡು ಗೇಣಿನ ಗಾಳಿಯಲ್ಲಿ ಇಡೀ ನಿಷೇಧ ತೇಲಿಹೋಗುವಂತೆ ಕಂಡಿತು.

ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದುದು ಆಯೋಗವಲ್ಲ, ನ್ಯಾಯಾಲಯವೂ ಅಲ್ಲ. ಬಂದರಿನಲ್ಲಿ ಆಜ್ಞೆಯನ್ನು ಜಾರಿಗೊಳಿಸುವ ಸುಂಕದ ಇಲಾಖೆ. ಆಗಸ್ಟ್ 1ರಂದು ಅದು ಕೊಟ್ಟ ನಿರ್ಣಯ, ಎರಡು ವಾರ ಕಳೆದು ಆ್ಯಪಲ್ ಬಹಿರಂಗವಾಗಿ ಸಾರಿದಾಗಲೇ ತನಗೆ ತಿಳಿದುದೆಂದು ಮ್ಯಾಸಿಮೊ ಹೇಳಿಕೊಂಡಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬುದು ಗಾದೆ. ಇಲ್ಲಿ ಹೇಳಿಕೊಳ್ಳುವ ಅವಕಾಶವೇ ಮ್ಯಾಸಿಮೊಗೆ ಸಿಕ್ಕಿರಲಿಲ್ಲ! ಒಂದು ಪಕ್ಷವನ್ನು ಕೇಳದೆ ಕೊಟ್ಟ ನಿರ್ಣಯದ ಮೇಲೆ ಅದು ಆಗಸ್ಟ್ 20ರಂದು ಸುಂಕದ ಇಲಾಖೆಯ ವಿರುದ್ಧವೇ ದಾವೆ ಹೂಡಿತು. ಗಡಿಯಾರ ಯಾರದೇ ಇರಲಿ, ಈ ದೂರಿನಲ್ಲಿ ತಿರುಳಿದೆ. ಎದುರು ಬದುರು ನಿಂತು ವರ್ಷಗಟ್ಟಲೆ ವಾದಿಸಿ ಪಡೆದ ಆಜ್ಞೆಯನ್ನು ಒಬ್ಬನ ಮಾತನ್ನಷ್ಟೇ ಕೇಳಿ ಸಡಿಲಿಸಬಹುದಾದರೆ, ಮನೆಯ ಮೇಲೆ ಸಾಲವೆತ್ತಿ ಶೋಧಕ್ಕಿಳಿಯುವ ಇನ್ನೊಬ್ಬ ತರುಣ ಯಾವ ಧೈರ್ಯದಿಂದ ಇಳಿದಾನು? ಆ್ಯಪಲ್ ಪಕ್ಷದಲ್ಲಿಯೂ ಹೇಳುವ ಮಾತಿದೆ. ಬರೆದ ಎಲ್ಲೆಯನ್ನು ಬಿಟ್ಟು ಹೊರಗೆ ದಾರಿ ಮಾಡಿಕೊಳ್ಳುವುದು ಕಳ್ಳತನವಲ್ಲ. ಹೊಸ ಉಪಾಯಗಳು ಹುಟ್ಟುವುದೇ ಹಾಗೆ. ತನ್ನ ಗಡಿಯಾರದ ಈ ಅಳತೆ ವೈದ್ಯಕೀಯ ಉಪಯೋಗಕ್ಕಲ್ಲ, ಸಾಮಾನ್ಯ ಆರೋಗ್ಯದ ತಿಳಿವಳಿಕೆಗೆ ಮಾತ್ರ ಎಂದೂ ಅದು ಮೊದಲಿನಿಂದ ಬರೆದುಕೊಂಡು ಬಂದಿದೆ.

ಆ ಮಾತು ಇನ್ನೊಂದು ಮೊಕದ್ದಮೆಯಲ್ಲಿ ಒರೆಗಲ್ಲಿಗೆ ಬಂದಿತು. ನಾಡಿಬಡಿತ ಹೆಚ್ಚಿದಾಗಲೋ ಇಳಿದಾಗಲೋ ಎಚ್ಚರಿಸುವ ಗಡಿಯಾರವನ್ನು ಪೇಟೆಂಟಿನ ಭಾಷೆಯಲ್ಲಿ ರೋಗಿಯ ಕಾವಲು ಯಂತ್ರವೆನ್ನಬಹುದೇ? ಅಲ್ಲವೆಂದು ಆ್ಯಪಲ್, ಹೌದೆಂದು ಮ್ಯಾಸಿಮೊ. 2025ರ ನವೆಂಬರ್ 14ರಂದು ಕ್ಯಾಲಿಫೋರ್ನಿಯದ ಜ್ಯೂರಿ ಮ್ಯಾಸಿಮೊ ಮಾತನ್ನು ಒಪ್ಪಿ 63 ಕೋಟಿ 40 ಲಕ್ಷ ಡಾಲರ್ ಪರಿಹಾರ ಗೊತ್ತುಮಾಡಿತು. ಆ ಪೇಟೆಂಟಿನ ಅವಧಿ 2022ರಲ್ಲಿಯೇ ತೀರಿತ್ತೆಂದೂ ಮೇಲ್ಮನವಿ ಸಲ್ಲಿಸುವುದಾಗಿಯೂ ಆ್ಯಪಲ್ ಹೇಳಿತು. ಇದಕ್ಕೆ ಒಂದು ವರ್ಷ ಹಿಂದೆ, ಮ್ಯಾಸಿಮೊ ಮಾಡಿದ ಗಡಿಯಾರದ ಮೊದಲ ಮಾದರಿ ತನ್ನ ಆಕಾರದ ಹಕ್ಕನ್ನು ಮೀರಿತೆಂದು ಡೆಲವೇರ್‌ನಲ್ಲಿ ಆ್ಯಪಲ್ ಗೆದ್ದಿತ್ತು. ಆಗ ಅದಕ್ಕೆ ಸಂದ ಪರಿಹಾರ 250 ಡಾಲರ್. ಕೋಟಿಯ ಮಾತಲ್ಲ, ಇನ್ನೂರೈವತ್ತೇ!

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದನ್ನು ಕಿಯಾನಿಯ ಪಾಡು ನೆನಪಿಸುತ್ತದೆ. ಜಯದ ನಡುವೆಯೇ, 2024ರ ಸೆಪ್ಟೆಂಬರಿನಲ್ಲಿ, ಪಾಲುದಾರರು ಮತ ಹಾಕಿ ಆತನನ್ನು ಆಡಳಿತ ಮಂಡಲಿಯಿಂದ ಇಳಿಸಿದರು. 35 ವರ್ಷ ನಡೆಸಿದ ಸಂಸ್ಥೆಯನ್ನು ಆತ ಬಿಟ್ಟುಹೋಗಬೇಕಾಯಿತು. ವ್ಯಾಜ್ಯ ಮಾತ್ರ ಒಡೆಯನಿಲ್ಲದೆಯೂ ನಡೆಯಿತು. 2025ರ ನವೆಂಬರಿನಲ್ಲಿ ವಾಣಿಜ್ಯ ಆಯೋಗ, ಲೆಕ್ಕವನ್ನು ಫೋನಿಗೆ ದಾಟಿಸಿದ ಗಡಿಯಾರವೂ ತನ್ನ ಹಳೆಯ ನಿಷೇಧದ ಒಳಗೆ ಬರುತ್ತದೆಯೇ ಎಂಬುದನ್ನು ತಾನೇ ವಿಚಾರಿಸಲು ನಿರ್ಧರಿಸಿತು. ಎರಡು ಗೇಣಿನ ಗಾಳಿಯ ಪ್ರಶ್ನೆ ಮತ್ತೆ ಆಯೋಗದ ಮೇಜಿಗೆ ಬಂದಿತು.

ಹಾಗೆ ಬದಲಾದ ಗಡಿಯಾರವನ್ನು ಅಮೆರಿಕದಲ್ಲಿ ಕೊಂಡ ಮುದುಕರೊಬ್ಬರು ನಡುರಾತ್ರಿ ಎದ್ದು ಕುಳಿತು, ಏದುಸಿರು ಬಿಡುತ್ತ, ತೋಳನ್ನು ಮೇಜಿನ ಮೇಲೆ ಚಾಚಿದರೆಂದುಕೊಳ್ಳೋಣ. 15 ಸೆಕೆಂಡು ಅಲುಗದೆ ಇರಬೇಕು. ದೀಪ ಬೆಳಗುತ್ತದೆ, ಬೆಳಕು ಚರ್ಮದೊಳಗೆ ಹೊಕ್ಕು ಮರಳುತ್ತದೆ. ಗಡಿಯಾರದ ಮುಖದಲ್ಲಿ ಅಂಕಿ ಮೂಡುವುದಿಲ್ಲ. ಅದಕ್ಕಾಗಿ ಅವರು ಕನ್ನಡಕವನ್ನು ತಡಕಿ, ಫೋನನ್ನು ಹುಡುಕಿ, ಅದರೊಳಗೆ ಉಸಿರಾಟದ ಪುಟವನ್ನು ತೆರೆಯಬೇಕು.