ಈ ಗೆರೆ ಕಂಡರೆ ಸೈಕಲ್ ಹತ್ತಬೇಡಿ

ಮಕ್ಕಳೇ, ಮೊದಲು ಒಂದು ಒಗಟು.

ಕೂತರೆ ಕುಗ್ಗುತ್ತೆ, ಎದ್ದರೆ ಹಿಗ್ಗುತ್ತೆ, ಗುಂಡಿ ಬಂದರೆ ನನ್ನ ಪಾಲಿನ ಪೆಟ್ಟನ್ನೂ ತಾನೇ ತಿನ್ನುತ್ತೆ. ಏನದು?

"ಸೋಫಾ" ಅಂದ ತಾತಂದಿರಿಗೆ ಅರ್ಧ ಅಂಕ. ಸರಿಯುತ್ತರ, ಸ್ಪ್ರಿಂಗ್ ಇರುವ ಸೀಟ್ ಪಿಲ್ಲರ್. ಸೈಕಲ್ ಸೀಟಿನ ಕೆಳಗೆ ಒಂದು ನಳಿಗೆ ಫ್ರೇಮಿನ ಕೊಳವೆಯೊಳಕ್ಕೆ ಇಳಿದಿರುತ್ತಲ್ಲ, ಅದನ್ನು ಸೈಕಲ್ ಶಾಪಿನವರು ಸೀಟ್ ಪಿಲ್ಲರ್ ಅನ್ನುತ್ತಾರೆ. ನಾವು ಸೀಟಿನ ಕಂಬ ಅನ್ನೋಣ. ಕೆಲವು ಬ್ಯಾಟರಿ ಸೈಕಲ್ಲುಗಳಲ್ಲಿ ಈ ಕಂಬದ ಹೊಟ್ಟೆಯೊಳಗೇ ಒಂದು ಸ್ಪ್ರಿಂಗ್ ಕೂತಿರುತ್ತೆ. ನಮ್ಮ ಮನೆಯ ಸೈಕಲ್ಲಿನ ಕಂಬವನ್ನು ಹೋದ ತಿಂಗಳು ಬದಲಾಯಿಸಿದೆವು. ಆ ಕೆಲಸದಲ್ಲಿ ನಿಮಗೆ ಹೇಳಬೇಕಾದ ಒಂದು ಮುಖ್ಯ ಸಂಗತಿ ಇದೆ. ಅದಕ್ಕೇ ಈ ವಾರದ ಪುಟ.

ಸೈಕಲ್ ಸವಾರರ ಮೈ ಕುಲುಕಾಟ ಇವತ್ತಿನದಲ್ಲ. 1860ರ ದಶಕದಲ್ಲಿ ಯೂರೋಪಿನಲ್ಲಿ ಓಡುತ್ತಿದ್ದ ಸೈಕಲ್ಲುಗಳಿಗೆ ಮರದ ಚಕ್ರ, ಅದರ ಮೇಲೆ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಹೋದರೆ ಹಲ್ಲು ಕಟಕಟ. ಜನ ಅದಕ್ಕೆ "ಮೂಳೆ ಅಲ್ಲಾಡಿಸೋ ಗಾಡಿ" ಅಂತಲೇ ಹೆಸರಿಟ್ಟಿದ್ದರು. ಆಮೇಲೆ ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರು ಜಾನ್ ಡನ್‌ಲಪ್, ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ ನೋಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಬ್ಬ ಅಪ್ಪ ಮಗನ ಮೇಲಿನ ಪ್ರೀತಿಗೆ ಮಾಡಿದ ಕೆಲಸದಿಂದ ಪ್ರಪಂಚದ ಬೆನ್ನೆಲ್ಲ ಹಗುರಾಯಿತು ನೋಡಿ.

ನಾನು ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲರ ಹತ್ತಿರ ಇದ್ದದ್ದು ಕರಿ ಸೈಕಲ್ಲು. ಅದರ ತೊಗಲಿನ ಸೀಟಿನ ಅಡಿಯಲ್ಲಿ ಹೆಬ್ಬೆರಳು ಗಾತ್ರದ ಎರಡು ಸ್ಪ್ರಿಂಗ್ ಇರುತ್ತಿದ್ದವು. ತೆಂಗಿನಕಾಯಿ ಮೂಟೆ ಹೇರಿಕೊಂಡು ಸಂತೆಗೆ ಬರುವವರು ಆ ಸೀಟಿನ ಮೇಲೆ ತೊಟ್ಟಿಲಲ್ಲಿ ಕೂತ ಹಾಗೆ ತೂಗಿಕೊಂಡು ಬರುತ್ತಿದ್ದರು. ಈಗ ಅದೇ ಸ್ಪ್ರಿಂಗು ಸೀಟಿನ ಅಡಿಯಿಂದ ಕಂಬದೊಳಕ್ಕೆ ಇಳಿದಿದೆ, ಅಷ್ಟೇ.

ಸ್ಪ್ರಿಂಗ್ ಮಾಡುವ ಕೆಲಸ ಏನು? ಅರಸೀಕೆರೆಯಿಂದ ಬಾಣಾವರದ ಮೇಲೆ ಹಳೇಬೀಡಿಗೆ ಬರುವಾಗ ಜಾವಗಲ್ ಸಿಗುತ್ತೆ. ಕ್ರಿಕೆಟ್ಟಿನ ಜಾವಗಲ್ ಶ್ರೀನಾಥ್ ಹೆಸರಿನಲ್ಲಿರುವ ಊರು. ಅಂಥ ವೇಗದ ಬೌಲರ್ ಎಸೆತಕ್ಕೆ ಎದ್ದ ಕ್ಯಾಚನ್ನು ಫೀಲ್ಡರ್ ಹೇಗೆ ಹಿಡಿಯುತ್ತಾನೆ? ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ ಹಿಡಿಯುತ್ತಾನೆ. ಚೆಂಡು ನಿಲ್ಲುವುದಕ್ಕೆ ಹೆಚ್ಚು ಸಮಯ ಕೊಟ್ಟರೆ ಅಂಗೈಗೆ ಬೀಳುವ ಏಟು ಕಡಿಮೆ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಈ ಪಾಠ ಇದೆ. ಸ್ಪ್ರಿಂಗೂ ಹಾಗೆಯೇ, ಗುಂಡಿಯ ಪೆಟ್ಟನ್ನು ಕೈ ಹಿಂದಕ್ಕೆಳೆದು ಹಿಡಿಯುತ್ತೆ.

ಮಾಮೂಲಿ ಸೈಕಲ್ಲಿನಲ್ಲಿ ಹಂಪ್ಸ್ ಬಂದರೆ ನೀವು ಪೆಡಲ್ ಮೇಲೆ ಎದ್ದು ನಿಲ್ಲುತ್ತೀರಿ. ಮೊಣಕಾಲೇ ಆಗ ಸ್ಪ್ರಿಂಗು. ಬ್ಯಾಟರಿ ಸೈಕಲ್ಲಿನಲ್ಲಿ ಮೋಟಾರು ತಾನೇ ತಳ್ಳುತ್ತಿರುತ್ತೆ, ನಾವು ಆರಾಮಾಗಿ ಕೂತೇ ಇರುತ್ತೇವೆ. ಗಾಡಿಯ ಭಾರವೂ ಹೆಚ್ಚು, ವೇಗವೂ ಹೆಚ್ಚು. ಹೀಗಾಗಿ ಪೆಟ್ಟು ನೇರವಾಗಿ ಸೊಂಟಕ್ಕೆ. ಎಪ್ಪತ್ತು ದಾಟಿದ ಮೊಣಕಾಲು ಎದ್ದು ನಿಲ್ಲು ಅಂದರೆ ತಕ್ಷಣ ನಿಲ್ಲುವುದೂ ಇಲ್ಲ. ನನ್ನ ಡಾಕ್ಟರು ಹೇಳಿದ್ದು ಇಷ್ಟು: "ಸೈಕಲ್ ಬಿಡಬೇಡಿ, ಕುಲುಕಾಟ ಬಿಡಿ." ಸೈಕಲ್ ಬಿಟ್ಟರೆ ನನಗೆ ಹಳೇಬೀಡಿನಿಂದ ಬೇಲೂರಿನ 16 ಕಿಲೋಮೀಟರ್ ದಾರಿಯೂ ಹೋಯಿತು, ಭಾನುವಾರಗಳಲ್ಲಿ ಜೊತೆಗೆ ಬರುವ ಮೊಮ್ಮಗಳೂ ಹೋದಳು ಅಂತಲೇ ಲೆಕ್ಕ. ಹಾಗಾಗಿ ಈ ಕಂಬ ನನಗೆ ಔಷಧಿ ಇದ್ದ ಹಾಗೆ.

ಆ ಕಂಬ ಮಳೆಗಾಲ ಮುಗಿಯುವ ಹೊತ್ತಿಗೆ ಕಿರ್ ಕಿರ್ ಅನ್ನತೊಡಗಿತು. ಸೀಟಿನ ಮೂತಿ ಹಿಡಿದು ಅಲ್ಲಾಡಿಸಿದರೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಕೂತರೆ ತಗ್ಗುತ್ತಿತ್ತು, ಎದ್ದರೆ ಮೇಲೆ ಬರುತ್ತಿರಲಿಲ್ಲ. ಒಳಗಿನ ಬುಷ್ ಸವೆದಿದೆ, ಸ್ಪ್ರಿಂಗ್ ಸೋತಿದೆ ಎಂದು ಅರ್ಥ. ಬಿಚ್ಚೋಣ ಎಂದು ಮೊದಲು ಬ್ಯಾಟರಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಬ್ಯಾಟರಿ ಸೈಕಲ್ಲಿಗೆ ಕೈ ಹಾಕುವ ಮುನ್ನ ಇದು ಮೊದಲ ನಿಯಮ. ಆಮೇಲೆ ಕಂಬದ ಮೇಲೆ ಬೆಳಕು ಬಿಟ್ಟು ನೋಡಿದರೆ ಎದೆ ಝಲ್ ಅಂದಿತು. ಅದರ ಮೇಲಿನ ಅಡ್ಡ ಗೆರೆ ಫ್ರೇಮಿನ ಬಾಯಿಂದ ಎರಡು ಬೆರಳು ಮೇಲಕ್ಕೆ ಬಂದಿತ್ತು.

ಆ ಗೆರೆ ಯಾವುದು ಗೊತ್ತೆ? ಪ್ರತಿ ಸೀಟಿನ ಕಂಬದ ಮೇಲೂ, ಬುಡದಿಂದ ಸ್ವಲ್ಪ ಮೇಲೆ, ಒಂದು ಗೆರೆಯನ್ನೋ ಸಾಲು ಗೀಟುಗಳನ್ನೋ ಕೊರೆದಿರುತ್ತಾರೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ "ಮಿನಿಮಮ್ ಇನ್ಸರ್ಷನ್" ಎಂದಿರುತ್ತೆ. ಅಂದರೆ ಕಂಬದ ಇಷ್ಟು ಭಾಗ ಕೊಳವೆಯೊಳಗೆ ಇರಲೇಬೇಕು, ಗೆರೆ ಹೊರಗೆ ಕಾಣಲೇಬಾರದು. ನಮ್ಮ ಮೊಮ್ಮಗಳು ಎಂಟನೇ ಕ್ಲಾಸು. ಒಂದು ವರ್ಷದಲ್ಲಿ ಅಡಿಕೆ ಮರದ ಹಾಗೆ ಎದ್ದಿದ್ದಾಳೆ. ಕಾಲು ಮಡಚಿಕೊಂಡು ತುಳಿಯಲಾಗದೆ ಸೀಟನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆಳೆದುಕೊಂಡಿದ್ದಳು. "ತಾತ, ಅದು ಡಿಸೈನು ಅಂದ್ಕೊಂಡಿದ್ದೆ" ಅಂದಳು. ಅವಳನ್ನು ಬೈಯುವ ಹಾಗೂ ಇಲ್ಲ. ಬೆಳೆಯುವುದು ಮಕ್ಕಳ ಕೆಲಸ, ಗೆರೆ ಎಂದರೇನು ಅಂತ ಹೇಳಿಕೊಡುವುದು ದೊಡ್ಡವರ ಕೆಲಸ.

ಅವಳಿಗೆ ಮಾತಿನಲ್ಲಿ ಹೇಳದೆ ಸ್ಕೇಲಿನಲ್ಲಿ ತೋರಿಸಿದೆ. ನೀವೂ ಮಾಡಿ. 30 ಸೆಂಟಿಮೀಟರ್ ಸ್ಕೇಲನ್ನು ಮೇಜಿನ ಅಂಚಿನಲ್ಲಿಡಿ. 15 ಸೆಂಟಿಮೀಟರ್ ಒಳಗೆ, 15 ಹೊರಗೆ. ಒಳಗಿನ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು, ಹೊರಗಿನ ತುದಿಯನ್ನು ಇನ್ನೊಂದು ಕೈಯ ಬೆರಳಿಂದ ಮೆಲ್ಲಗೆ ಅದುಮಿ. ಹಿಡಿತ ಸಿಗುತ್ತೆ. ಈಗ 5 ಸೆಂಟಿಮೀಟರ್ ಮಾತ್ರ ಒಳಗಿಟ್ಟು ಅದುಮಿ. ಅಂಗೈಯನ್ನೇ ಎತ್ತಿ ಹಾಕುತ್ತೆ! ಸೀಟಿನ ಕಂಬ ಗೆರೆ ದಾಟಿ ಮೇಲೆ ಬಂದರೆ ಫ್ರೇಮಿನ ಬಾಯಿಗೆ ಆಗುವುದೂ ಇದೇ. ಒಂದು ದಿನ ಫ್ರೇಮು ಬಿರುಕು ಬಿಡಬಹುದು, ಇಲ್ಲವೇ ಕಂಬವೇ ಮುರಿಯಬಹುದು. ಅದು ಮನೆ ಮುಂದೆ ನಿಂತಾಗ ಮುರಿಯುವುದಿಲ್ಲ. ಇಳಿಜಾರಿನಲ್ಲಿ ಗುಂಡಿ ಸಿಕ್ಕಾಗ, ಹಿಂದೆ ಬಸ್ಸು ಬರುತ್ತಿರುವಾಗ ಮುರಿಯುತ್ತೆ.

"ಬೇಲೂರಿನ ದೇವಸ್ಥಾನದ ಕಂಬ ಹೂಳದೇ ನಿಂತಿದೆಯಲ್ಲ ತಾತ?" ಅಂತ ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಚೆನ್ನಕೇಶವನ ಅಂಗಳದಲ್ಲಿ ಸುಮಾರು 42 ಅಡಿಯ ದೀಪದ ಕಂಬ ಒಂದಿದೆ. ಅದರ ಬುಡವನ್ನು ನೆಲದಲ್ಲಿ ಹೂತಿಲ್ಲ. ಜಗಲಿಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಬುಡದ ಸಂದಿನಲ್ಲಿ ಕಾಗದ ತೂರಿಸಿ ತೋರಿಸುವ ಗೈಡುಗಳನ್ನು ನೀವೂ ನೋಡಿರಬಹುದು. ಆದರೆ ಆ ಕಂಬದ ಭಾರ ನೆಟ್ಟಗೆ ಕೆಳಕ್ಕೆ ಇಳಿಯುತ್ತೆ. ಅದರ ತಲೆಯ ಮೇಲೆ ಯಾರೂ ಕೂತು ಹಿಂದೆ ಮುಂದೆ ತೂಗುವುದಿಲ್ಲ. ಸೀಟಿನ ಕಂಬ ಹಿಂದಕ್ಕೆ ವಾಲಿರುತ್ತೆ, ಮೇಲೆ ಕೂತವರು ಪೆಡಲ್ ತುಳಿಯುತ್ತಾ ಅಲ್ಲಾಡುತ್ತಿರುತ್ತಾರೆ. ಅದಕ್ಕೆ ಹೂತ ಆಳವೇ ಆಧಾರ.

ಸರಿ, ಹೊಸ ಕಂಬ ತರಬೇಕು. ಎಷ್ಟು ದಪ್ಪದ್ದು? ಇಲ್ಲಿ ಕಣ್ಣಳತೆ ನಡೆಯುವುದಿಲ್ಲ. ಹಳೆಯ ಕರಿ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 25.4 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಇಂಚು. ಈಗಿನವುಗಳಲ್ಲಿ 27.2, 30.9, 31.6 ಹೀಗೆ ಬಗೆಬಗೆ. ಕಂಬದ ಬುಡದ ಹತ್ತಿರ ಈ ಅಂಕಿಯನ್ನು ಒತ್ತಿರುತ್ತಾರೆ. ನಮ್ಮದು 27.2. ಅಂಕಿ ಅಳಿಸಿದ್ದರೆ ಕಾಲೇಜಿನ ಮಕ್ಕಳ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಬಹುದು. ಅದೂ ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಗುರುತು ಹಾಕಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿ. 25.4ರ ಕಂಬಕ್ಕೆ ಪಟ್ಟಿ ಸುಮಾರು 80 ಮಿಲಿಮೀಟರ್ ಬರುತ್ತೆ, 27.2ಕ್ಕೆ ಸುಮಾರು 85. ಪೈ ಎಂಬುದು ಪರೀಕ್ಷೆಗೆ ಮಾತ್ರ ಅಂದುಕೊಂಡವರು ಈಗಲಾದರೂ ನಂಬಿ.

ಒಂದು ಅಂಗಡಿಯಲ್ಲಿ, "25.4ರದ್ದು ಇದೆ ಸಾರ್, ಸುತ್ತ ತಗಡು ಸುತ್ತಿ ಟೈಟ್ ಮಾಡಿಕೊಡ್ತೀನಿ" ಅಂದರು. ನಾನು ಬೇಡ ಅಂದೆ. ಬ್ಯಾಂಕಿನಲ್ಲಿ ಇಪ್ಪತ್ತು ಪೈಸೆ ತಾಳೆಯಾಗದಿದ್ದರೆ ಸಂಜೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ 1.8 ಮಿಲಿಮೀಟರ್ ವ್ಯತ್ಯಾಸ! ಡಬ್ಬದ ತಗಡು ಅಲ್ಲಲ್ಲಿ ಮಾತ್ರ ಕಚ್ಚುತ್ತೆ, ಜಾರುತ್ತೆ. ಸಣ್ಣ ಕಂಬಕ್ಕೆ ಸರಿಯಳತೆಯ ಅಲ್ಯೂಮಿನಿಯಂ ತೋಳು ಸಿಗುತ್ತೆ, ಅದು ಬೇರೆ ಮಾತು. ಕೊನೆಗೆ ಅರಸೀಕೆರೆಯ ಅಂಗಡಿಯವರೊಬ್ಬರು ಬೆಂಗಳೂರಿನಿಂದ 27.2ರದ್ದನ್ನೇ, ಹಳೆಯದಕ್ಕಿಂತ ಉದ್ದನೆಯದನ್ನು ತರಿಸಿಕೊಟ್ಟರು. ಈಗ ಮೊಮ್ಮಗಳ ಎತ್ತರಕ್ಕೆ ಸೀಟು ಏರಿಸಿದರೂ ಗೆರೆ ಒಳಗೇ ಇರುತ್ತೆ. ತಾತ ಅಜ್ಜಿಯರು ಕುಳ್ಳಗಿದ್ದರೆ ಇನ್ನೊಂದು ಲೆಕ್ಕ ನೋಡಿಕೊಳ್ಳಿ. ಸ್ಪ್ರಿಂಗಿನ ಭಾಗ ಹೊರಗೇ ಇರಬೇಕಾದ್ದರಿಂದ ಸೀಟು ಒಂದು ಮಟ್ಟಕ್ಕಿಂತ ಕೆಳಗಿಳಿಯದು. ಫ್ರೇಮಿನ ಬಾಯಿಂದ ಸೀಟಿನವರೆಗೆ ಈಗ ಎಷ್ಟು ಜಾಗ ಇದೆ ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಕೂರಿಸುವುದು ಅರ್ಧ ಗಂಟೆಯ ಕೆಲಸ. ಕೊಳವೆಯೊಳಗಿನ ಮಣ್ಣು, ತುಕ್ಕು ಒರೆಸಿದೆವು. ಕಂಬಕ್ಕೆ ತೆಳ್ಳಗೆ ಗ್ರೀಸ್ ಸವರಿದೆವು. ಗ್ರೀಸ್ ಇಲ್ಲದಿದ್ದರೆ ಮಳೆನೀರು ಇಳಿದು, ಅಲ್ಯೂಮಿನಿಯಂ ಕಂಬ ಉಕ್ಕಿನ ಫ್ರೇಮಿಗೆ ಕಚ್ಚಿಕೊಂಡುಬಿಡುತ್ತೆ. ಗೆರೆ ಮುಳುಗುವವರೆಗೆ ಇಳಿಸಿ, ಕ್ಲ್ಯಾಂಪಿನ ಬೋಲ್ಟ್ ಬಿಗಿದೆವು. ನಮ್ಮ ಕ್ಲ್ಯಾಂಪಿನ ಮೇಲೆ "5 ಎನ್‌ಎಂ" ಎಂದಿದೆ, ಅಂದರೆ 5 ನ್ಯೂಟನ್ ಮೀಟರ್. ಲೆಕ್ಕ ಮಾಡಿದರೆ, 10 ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಗೆ ಸುಮಾರು 5 ಕಿಲೋ ತೂಕ ನೇತುಹಾಕಿದಷ್ಟು ಬಲ. ಅದಕ್ಕಿಂತ ಭೀಮಬಲ ಬೇಡ, ನಳಿಗೆ ನೆಗ್ಗುತ್ತೆ.

ಕೊನೆಯದು ಸ್ಪ್ರಿಂಗಿನ ಬಿಗಿ. ನನ್ನ ತೂಕ 68, ಮೊಮ್ಮಗಳದು 41. ಇಬ್ಬರಿಗೂ ಒಂದೇ ಬಿಗಿ ಹೊಂದುವುದಿಲ್ಲ. ಕಂಬದ ಬುಡದಲ್ಲಿರುವ ತಿರುಪನ್ನು ಒಳಕ್ಕೆ ತಿರುಗಿಸಿದರೆ ಗಟ್ಟಿ, ಹೊರಕ್ಕೆ ತಿರುಗಿಸಿದರೆ ಮೆತ್ತಗೆ. ಆದರೆ ತಿರುಪು ಕಂಬದ ಬುಡದಿಂದ ಹೊರಗೆ ಚಾಚುವಷ್ಟು ಸಡಿಲಿಸಬಾರದು. ಪರೀಕ್ಷೆ ಮಾಡುವುದು ಸುಲಭ: ಹೊಳೆಯುವ ಒಳನಳಿಗೆಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕೆಳಕ್ಕೆ ತಳ್ಳಿ, ಮೆಲ್ಲಗೆ ಕೂತು ಎದ್ದು ನೋಡಿ. ಬ್ಯಾಂಡ್ ಎಷ್ಟು ದೂರದಲ್ಲಿ ಉಳಿಯಿತೋ ಅಷ್ಟು ತಗ್ಗಿದೆ. 40 ಮಿಲಿಮೀಟರ್ ಆಡುವ ಕಂಬವಾದರೆ ಸುಮ್ಮನೆ ಕೂತಾಗ 8ರಿಂದ 10 ಮಿಲಿಮೀಟರ್ ತಗ್ಗಿದರೆ ಸಾಕು. ನಾವು ಹೆಚ್ಚು ಓಡಿಸುವ ಮೊಮ್ಮಗಳ ತೂಕಕ್ಕಿಂತ ತುಸು ಗಟ್ಟಿಗೆ ಇಟ್ಟು ರಾಜಿ ಮಾಡಿಕೊಂಡೆವು.

ಕೆಲವು ಅಪ್ಪ ಅಮ್ಮಂದಿರು ಕೇಳುತ್ತಾರೆ, ಇದಕ್ಕೆ ಲೈಸೆನ್ಸ್ ಬೇಕೆ? ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ಬ್ಯಾಟರಿ ಸೈಕಲ್ಲಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಹೆಲ್ಮೆಟ್ ಮಾತ್ರ ನಮ್ಮ ಮನೆಯ ಕಾನೂನು, ಅಜ್ಜಿಯ ಸಹಿ ಬಿದ್ದಿದೆ.

ಈ ವಾರದ ಕೆಲಸ: ಭಾನುವಾರ ಬೆಳಗ್ಗೆ ತಾತನನ್ನೋ ಅಜ್ಜಿಯನ್ನೋ ಅಂಗಳಕ್ಕೆ ಕರೆಯಿರಿ. ಮನೆಯಲ್ಲಿರುವ ಸೈಕಲ್ ಯಾವುದಾದರೂ ಸರಿ, ಬ್ಯಾಟರಿಯದೇ ಆಗಬೇಕಿಲ್ಲ. ಒಂದು, ಸೀಟು ಎಡಬಲ ಆಡುತ್ತದೆಯೇ? ಎರಡು, ಕಂಬದ ದಪ್ಪ ಎಷ್ಟು? ಮೂರು, ಗೆರೆ ಎಲ್ಲಿದೆ? ಕಾಗದದ ಪಟ್ಟಿ ಸುತ್ತಿ ಮಾಡಿದ ಲೆಕ್ಕವನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ಗೆರೆ ಹೊರಗೆ ಕಂಡರೆ ಮಾತ್ರ ಕಾರ್ಡು ಆಮೇಲೆ ಬರೆಯಿರಿ, ಮೊದಲು ಸೀಟು ಇಳಿಸಿ.

ಮುಂದಿನ ವಾರ ಚೈನಿಗೆ ಎಣ್ಣೆ ಬಿಡೋಣ. ಹಳೆಯ ಬನಿಯನ್ ಬಟ್ಟೆ ಒಂದು ತೆಗೆದಿಟ್ಟುಕೊಂಡಿರಿ.