ಬಡವರ ಮಾತಿಗೆ ಮರುಮಾತು

ಬಡತನವನ್ನು ತಗ್ಗಿಸುವ ಯೋಜನೆಯನ್ನು ಕುರಿತು ಜನರನ್ನೇ ಕೇಳಬೇಕೆಂಬ ವಿವೇಕ ಭಾರತಕ್ಕೆ ಹೊಸದಲ್ಲ. ಮೊದಲನೆಯ ಪಂಚವಾರ್ಷಿಕ ಯೋಜನೆಯ ಕರಡು 1951ರ ಜುಲೈಯಲ್ಲಿ ಪ್ರಕಟವಾದುದು ಸಾರ್ವಜನಿಕ ಚರ್ಚೆಗಾಗಿಯೇ. ಅದು ಅಂತಿಮ ರೂಪ ತಳೆದುದು 1952ರ ಡಿಸೆಂಬರಿನಲ್ಲಿ. ಆಗ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಲಬುರಗಿ ಸೀಮೆಯಲ್ಲಿ ಓದುಬಲ್ಲವರೇ ವಿರಳ. ಆ ಕರಡು ಎಷ್ಟು ಗುಡಿಸಲುಗಳ ಹೊಸ್ತಿಲನ್ನು ದಾಟಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಅಂದಿನಿಂದ ಇಂದಿನವರೆಗೆ ಕೇಳುವ ಪದ್ಧತಿ ಬೆಳೆದಿದೆ; ಕೇಳಿದವರು ಮರಳಿ ಉತ್ತರ ಹೇಳುವ ಪದ್ಧತಿ ಮಾತ್ರ ಅದರೊಡನೆ ಬೆಳೆಯಲಿಲ್ಲ.

ಕಾನೂನಿನಲ್ಲಿ ಕೊರತೆಯಿದೆಯೆನ್ನುವಂತಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರತಕ್ಕದ್ದು. 2018ರ ಅಕ್ಟೋಬರ್ 2ರಂದು ದೇಶದಾದ್ಯಂತ ಜನರ ಯೋಜನೆಯ ಅಭಿಯಾನ ಮೊದಲಾಯಿತು. ಸ್ವಸಹಾಯ ಸಂಘಗಳ ಮಹಿಳೆಯರು ಮನೆಮನೆಯ ಬೇಡಿಕೆಗಳನ್ನು ಕಲೆಹಾಕಿ, ಗ್ರಾಮದ ಬಡತನ ನಿವಾರಣಾ ಯೋಜನೆಯೊಂದನ್ನು ಸಿದ್ಧಪಡಿಸಿ ಗ್ರಾಮಸಭೆಯ ಮುಂದಿಡುವ ಏರ್ಪಾಡೂ ಇದೆ. ಯಾರಿಗೆ ಪಿಂಚಣಿ ಬರಬೇಕು, ಯಾರಿಗೆ ಪಡಿತರ ಚೀಟಿಯಿಲ್ಲ, ಯಾವ ಓಣಿಗೆ ನೀರಿಲ್ಲ, ಯಾವ ಕುಟುಂಬಕ್ಕೆ ಯಾವ ಕಸುಬು ಒದಗೀತು ಎಂಬೆಲ್ಲ ವಿವರ ಅದರಲ್ಲಿ ಅಡಕವಾಗಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಬಯಸುವುದು ಕಷ್ಟ.

ಕಾಗದದಿಂದ ಹೊಲಕ್ಕೆ ಇಳಿದಾಗ ತೊಡಕು ಕಾಣುತ್ತದೆ. ಕಲಬುರಗಿಯಿಂದ ಬೀದರಿನತ್ತ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು. ಆದರೆ ಬಾಳೆಗೆ ನೀರಾವರಿ ಬೇಕು. ನೀರಿಲ್ಲದವನ ಪಾಲಿಗೆ ಮಳೆಯನ್ನು ನಂಬಿದ ತೊಗರಿಯೇ ಗತಿ. ಹೊಲವೇ ಇಲ್ಲದವನಿಗೆ ಆ ತೊಗರಿಯ ಕೂಲಿಯೇ ಗತಿ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಯೋಜನೆಯ ಸಭೆಗಳ ಅಭಿಯಾನ ನಡೆಯುವುದೂ ಅಕ್ಟೋಬರಿನಿಂದಾಚೆಗೆ, ಅದೇ ಕಾಲದಲ್ಲಿ. ವರ್ಷದಲ್ಲಿ ನಾಲ್ಕು ಕಾಸು ಕೈಸೇರುವ ದಿನಗಳವು. ಅಂಥ ದಿನದಲ್ಲಿ ಬೆಳಗಿನ ಹನ್ನೊಂದಕ್ಕೆ ಸಭೆ ಕರೆದರೆ, ಬರುವ ಕೂಲಿಯವಳು ತನ್ನ ಒಂದು ದಿನದ ಅನ್ನವನ್ನು ತೆತ್ತು ಬರಬೇಕಾಗುತ್ತದೆ. ಕೆಲಸ ಮುಗಿದೊಡನೆ ಪುಣೆ, ಮುಂಬಯಿ, ಬೆಂಗಳೂರುಗಳ ದಾರಿ ಹಿಡಿಯುವ ಕುಟುಂಬಗಳೂ ಉಂಟು. ಹಾಜರಿ ಪುಸ್ತಕದಲ್ಲಿ ಯಾರ ಸಹಿಯಿಲ್ಲವೋ ಅವರೇ ಅನೇಕ ವೇಳೆ ಯೋಜನೆಗೆ ನಿಜವಾದ ಹಕ್ಕುದಾರರಾಗಿರುತ್ತಾರೆ. ಅಳದ ಮಗುವಿಗೆ ತಾಯಿಯೂ ಹಾಲೂಡಳೆಂಬ ಗಾದೆಯಿದೆ. ಅಳುವುದಕ್ಕೂ ಬಿಡುವಿಲ್ಲದ ಮಗುವಿನ ಮಾತನ್ನು ಗಾದೆ ಹೇಳುವುದಿಲ್ಲ.

ಇನ್ನು ತಾಂಡಾಗಳ ಸಂಗತಿ. ಲಂಬಾಣಿ ಜನರ ಎಷ್ಟೋ ತಾಂಡಾಗಳು ತಲೆಮಾರುಗಳ ಕಾಲ ಕಂದಾಯ ಗ್ರಾಮಗಳೆಂದು ದಾಖಲೆಯಾಗದೆ ಉಳಿದಿದ್ದವು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಕಲಬುರಗಿಯೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರ ದೊರೆತುದು ಸಣ್ಣ ಸಂಗತಿಯಲ್ಲ. ತಾನಿರುವ ನೆಲವೇ ದಫ್ತರದಲ್ಲಿ ಇಲ್ಲದಿರುವಾಗ, ಆ ನೆಲಕ್ಕೆ ರಸ್ತೆ ಬೇಕೆಂದು ಕೇಳುವವನ ಮಾತಿಗೆ ಎಷ್ಟು ತೂಕ ಬಂದೀತು?

ಮಾತು ದಾಖಲೆಯಾದ ಮೇಲೂ ಅದು ಸರಾಸರಿಯೊಳಗೆ ಕರಗಿಹೋಗುವ ಅಪಾಯವಿದೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿಯೊಪ್ಪಿಸಿತು. 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ, ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೆಂದೂ ಅದು ತೋರಿಸಿಕೊಟ್ಟಿತು. ಆ ಉಪಕಾರ ದೊಡ್ಡದು. ಆದರೆ ಅಂದು ಕಮಲಾಪುರ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಕಲಬುರಗಿ ತಾಲ್ಲೂಕಿನಲ್ಲೇ ಸೇರಿತ್ತು. ನಗರದ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳನ್ನೂ ಕಮಲಾಪುರದ ಕಡೆಯ ಹಳ್ಳಿಗಳ ಕೊರತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗ, ಹಳ್ಳಿಯ ಕೊರತೆ ಇದ್ದುದಕ್ಕಿಂತ ಹಗುರವಾಗಿ ಕಂಡರೆ ಆಶ್ಚರ್ಯವಿಲ್ಲ. ಅಂಕಿ ಸುಳ್ಳಾಡುವುದಿಲ್ಲ, ನಿಜ. ಆದರೆ ಕೇಳದುದನ್ನು ಅದು ತಾನಾಗಿ ಹೇಳುವುದೂ ಇಲ್ಲ. ಆದುದರಿಂದಲೇ ಅಂಕಿಯ ಪಕ್ಕದಲ್ಲಿ ಮನುಷ್ಯನ ಮಾತೂ ಇರಬೇಕು.

ಈಗ ಹಣದ ಮಾತೂ ಹಿಂದಿನಂತಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಬಲದಿಂದ ಅಭಿವೃದ್ಧಿ ಮಂಡಳಿ ರಚನೆಯಾಗಿ, ಅದರ ಕಚೇರಿ ಕಲಬುರಗಿಯಲ್ಲೇ ಇದೆ. 2023-24ರ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿತವಾಯಿತು. ಹಣವೂ ಇದ್ದು, ಸಭೆಯೂ ಇದ್ದ ಮೇಲೆ, ಇವೆರಡರ ನಡುವೆ ಸೇತುವೆಯೊಂದು ಬೇಡವೆ? ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ, ರಾಜ್ಯದ ಯೋಜನಾವೆಚ್ಚದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವು 1989ರಿಂದ ನಗರದ ಆಯವ್ಯಯದ ಚರ್ಚೆಯನ್ನೇ ಬಡಾವಣೆಗಳ ಜನರ ಮುಂದಿಟ್ಟಿತು. ತನ್ನ ಮಾತಿನ ಹಿಂದೆ ಹಣವಿದೆಯೆಂದು ತಿಳಿದಾಗ, ಕೂಲಿ ಬಿಟ್ಟು ಬಂದವನಿಗೂ ಬಂದುದಕ್ಕೆ ಅರ್ಥ ಕಾಣುತ್ತದೆ.

ಕಮಲಾಪುರದ ಹಳ್ಳಿಗಳಿಗೆ ಬೇಕಾದುದು ಮಹಾ ಸುಧಾರಣೆಯೇನಲ್ಲ. ಸಭೆ ಹೊತ್ತು ಮುಳುಗಿದ ಮೇಲೆ ಸೇರಲಿ. ಪಂಚಾಯತಿಯ ಕಟ್ಟಡಕ್ಕೆ ತಾಂಡಾ ಬರುವ ಬದಲು, ವರ್ಷಕ್ಕೊಮ್ಮೆಯಾದರೂ ಸಭೆಯೇ ತಾಂಡಾಕ್ಕೆ ಹೋಗಲಿ. ಗುಳೆ ಹೋಗುವವರ ಮಾತನ್ನು ಅವರು ಹೊರಡುವ ಮೊದಲೇ ಬರೆದುಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಳೆದ ಸಭೆಯಲ್ಲಿ ಯಾರು ಏನು ಕೇಳಿದರು, ಯಾವುದು ಮಂಜೂರಾಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂಬುದನ್ನು ಮುಂದಿನ ಸಭೆಯ ಮೊದಲ ಕೆಲಸವಾಗಿ ಓದಿಹೇಳಲಿ. ‘ಆಗದು’ ಎಂಬ ಉತ್ತರವನ್ನೂ ಬಡವನು ತಾಳಿಕೊಳ್ಳಬಲ್ಲ. ಕಾರಣ ತಿಳಿದರೆ ಮತ್ತೊಂದು ದಾರಿ ಹುಡುಕಬಲ್ಲ. ಉತ್ತರವೇ ಬಾರದಿದ್ದರೆ ಮರುವರ್ಷ ಅವನು ಸಭೆಗೆ ಬರುವುದಿಲ್ಲ.

ಕಮಲಾಪುರವನ್ನು ದಾಟಿ ಹುಮನಾಬಾದಿನ ಮೇಲೆ ಮುಂದುವರಿದರೆ ಬಸವಕಲ್ಯಾಣ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನ, ಹೆಂಗಸರು ಗಂಡಸರೆನ್ನದೆ, ಕೂಡಿ ಮಾತಾಡಿದ ನೆಲವದು. ಅಲ್ಲಿಯ ಮಾತು ಉಳಿದುಬಂದುದು ಅದನ್ನು ಕೇಳುವವರು, ಮಾರುತ್ತರ ಕೊಡುವವರು, ಬರೆದಿಡುವವರು ಇದ್ದುದರಿಂದ. ಅದೇ ಸೀಮೆಯ ಇಂದಿನ ಕೂಲಿಯವಳ ಮಾತಿಗೂ ಅಷ್ಟು ಮರ್ಯಾದೆ ಸಲ್ಲಬೇಕಾದುದು ನ್ಯಾಯ.